ಹಳೆಯ ಕಾರಿನ ಎಂಜಿನು: ಬಿಚ್ಚುವ ಮೊದಲು ಬರೆದಿಡಿರಿ

ಹಳೆಯ ಕಾರಿನ ಎಂಜಿನನ್ನು ಮನೆಯಲ್ಲಿಯೇ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂಬ ಹವ್ಯಾಸ ಮೆಚ್ಚತಕ್ಕದ್ದೇ. ಆದರೆ ಮೊದಲ ಸಲ ಕೈಹಾಕುವವರ ಕೆಲಸ ಕೆಡುವುದು ಬಹುಮಟ್ಟಿಗೆ ಜೋಡಿಸುವಾಗ. ಅದಕ್ಕೆ ಕಾರಣ, ಬಿಚ್ಚುವಾಗ ಬರೆದಿಡದಿರುವುದು.

ಪ್ರೀಮಿಯರ್ ಪದ್ಮಿನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಫಿಯಟ್ 1100ರ ಮಾದರಿಯ ಈ ಕಾರು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು; ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಎಂಜಿನಿಗೆ ನಾಲ್ಕು ಸಿಲಿಂಡರು. ಒಂದೊಂದರ ವ್ಯಾಸ 68 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ., ಒಟ್ಟು ಗಾತ್ರ 1089 ಘನ ಸೆಂ.ಮೀ. ತಯಾರಿಕೆ ನಿಂತು ಎರಡು ದಶಕ ಸಂದಿವೆ. ಒಂದು ಭಾಗ ಕೆಟ್ಟರೆ ಇನ್ನೊಂದಕ್ಕಾಗಿ ನಾನಾ ಪೇಠೆಯ ಅಂಗಡಿಗಳನ್ನು ಸುತ್ತಬೇಕಾಗುತ್ತದೆ.

ರೋಗ ತಿಳಿಯುವುದು: ಬಿಚ್ಚುವ ಮುನ್ನ ಪ್ರತಿ ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ನೋಡಿ ಬರೆದುಕೊಳ್ಳಿರಿ. ಕಡಿಮೆಯಿದ್ದಲ್ಲಿ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಪುನಃ ನೋಡಿರಿ. ಒತ್ತಡ ಏರಿದರೆ ರಿಂಗು ಅಥವಾ ಸಿಲಿಂಡರು ಸವೆದಿದೆ. ಏರದಿದ್ದರೆ ದೋಷ ವಾಲ್ವಿನಲ್ಲಿ ಅಥವಾ ಹೆಡ್ಡಿನ ಗ್ಯಾಸ್ಕೆಟ್ಟಿನಲ್ಲಿ ಇರಬಹುದು.

ಗುರುತು ಮಾಡುವುದು: ಪಿಸ್ಟನ್ನು, ಕನೆಕ್ಟಿಂಗ್ ರಾಡು, ಬೇರಿಂಗಿನ ಟೋಪಿ, ವಾಲ್ವು ಇವೆಲ್ಲಕ್ಕೂ ನಂಬರು ಹಾಕಿ, ಯಾವ ಮುಖ ಮುಂದಿತ್ತೆಂದು ವಹಿಯಲ್ಲಿ ಬರೆಯಿರಿ. ರಾಡು ಮತ್ತು ಅದರ ಟೋಪಿಯನ್ನು ಕೂಡಿಸಿಯೇ ಕೊರೆದಿರುತ್ತಾರೆ. ಒಂದರ ಟೋಪಿ ಇನ್ನೊಂದಕ್ಕೆ ಸಲ್ಲದು.

ಇದನ್ನು ಕಲಿತದ್ದು ನನ್ನ ತಪ್ಪಿನಿಂದ. ನಮ್ಮ ಕಾಕಾ ಅವರ ಕಾರು; ಎಂಜಿನು ಏಳದಿದ್ದರೆ ಗುಜರಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಮಿಲ್ಲಿನಲ್ಲಿ ದಿನವೆಲ್ಲ ಲೆಕ್ಕ ಬರೆಯುವ ನಾನು ಮನೆಯಲ್ಲಿ ನೆನಪನ್ನೇ ನಂಬಿದೆ. ಎರಡು, ಮೂರನೆಯ ಟೋಪಿಗಳು ಅದಲುಬದಲಾದವು. ಬೋಲ್ಟು ಬಿಗಿದೊಡನೆ ಕ್ರ್ಯಾಂಕು ಅಲುಗಲಿಲ್ಲ. ಉದ್ದನೆಯ ಪಾನಾ ಹಾಕಿ ತಿರುಗಿಸಹೊರಟಾಗ ವಿಜಾಪುರದ ಕಡೆಯ ಮಿಸ್ತ್ರಿಯೊಬ್ಬರು ಕೈ ಹಿಡಿದರು: “ಜೋರು ಮಾಡಬ್ಯಾಡ್ರಿ. ಯಾವುದು ಎಲ್ಲಿತ್ತಂತ ಬರದಿಟ್ಟೀರೇನು?” ನನ್ನಲ್ಲಿ ಉತ್ತರವಿರಲಿಲ್ಲ. ಕಾರ್ಖಾನೆಯವರು ಕೆತ್ತಿದ ಸಣ್ಣ ಅಂಕೆಗಳನ್ನು ಅವರೇ ಮಸಿ ಒರಸಿ ತೋರಿಸಿದರು.

ಅಳೆಯುವುದು: ಹೊಸ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಈ ಗಾತ್ರಕ್ಕೆ ಸುಮಾರು ಕಾಲು ಮಿ.ಮೀ. ಇರಬೇಕು. ಸಂದು ತೀರ ಕಡಿಮೆಯಾದರೆ ಕಾವಿಗೆ ಹಿಗ್ಗಿದ ರಿಂಗಿನ ತುದಿಗಳು ಕೂಡಿಕೊಂಡು ಸಿಲಿಂಡರನ್ನು ಗೀರುತ್ತವೆ. ಸಿಲಿಂಡರು ಕೊರೆಯುವುದು, ಕ್ರ್ಯಾಂಕು ಉಜ್ಜುವುದು ಮನೆಯ ಕೆಲಸವಲ್ಲ, ಯಂತ್ರವುಳ್ಳವರಿಗೇ ಕೊಡತಕ್ಕದ್ದು.

ಜೋಡಿಸುವುದು: ಧೂಳಿರಕೂಡದು. ಬೇರಿಂಗಿಗೆ ಎಣ್ಣೆ ಸವರಿರಿ. ಒಂದೊಂದು ಟೋಪಿ ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿರಿ; ಬಿಗಿಯಾದರೆ ಅಲ್ಲಿಯೇ ನಿಲ್ಲಿಸಿರಿ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಬಿಗಿಯಬೇಕು.

ಕಾಕಾ ಅವರ ಕಾರು ಗುಜರಿಗೆ ಹೋಗಲಿಲ್ಲ. ಪ್ರಾರಂಭಿಸುವವರು ಪಾನಾ ಕೊಳ್ಳುವ ಮೊದಲು ಒಂದು ವಹಿ ಕೊಂಡುಕೊಳ್ಳಲಿ.