ಕಿಲ್ಲಾರಿಯ ಬೆಳಗು, ನಮ್ಮ ಮಾಳಿಗೆಯ ಮಣ್ಣು

1993ರ ಸೆಪ್ಟೆಂಬರ್ 30, ಗುರುವಾರ. ನಸುಕಿನ 3 ಗಂಟೆ 56 ನಿಮಿಷ ಎಂಬುದು ಆಮೇಲೆ ಪತ್ರಿಕೆ ಓದಿ ತಿಳಿದದ್ದು. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಆಗ ಎಲ್ಲರೂ ಗಾಢ ನಿದ್ದೆಯಲ್ಲಿದ್ದರು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ, ಹಲಗೆ ಬಡಿದು, ಗುಲಾಲು ತೊಳೆದುಕೊಂಡು ಮಲಗುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ನಾನು ಐದನೇ ಇಯತ್ತೆಯಲ್ಲಿದ್ದೆ.

ಮೊದಲು ಎಚ್ಚರವಾದದ್ದು ಪಾತ್ರೆಗಳ ಸದ್ದಿಗೆ. ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ತಂಬಿಗೆ, ಚರಗಿಗಳು ಒಂದಕ್ಕೊಂದು ತಾಕಿ ಗಿಲಿಗಿಲಿ ಅನ್ನತೊಡಗಿದವು. ಹಿಂದೆಯೇ ನೆಲದ ಅಡಿಯಿಂದ ಗುಡುಗು. "ಲಾರಿ ಬಂತೇನೋ ಅಂಗಳದಾಗ!" ಅಂದಳು ಆಯಿ, ನಮ್ಮ ಅಜ್ಜಿ. ಜಂತಿಗಳ ಸಂದಿಯಿಂದ ಮಣ್ಣು ಉದುರಿ ನನ್ನ ಬಾಯಿ, ಕಣ್ಣು ತುಂಬಿತು. ಕೊಟ್ಟಿಗೆಯಲ್ಲಿ ಎತ್ತುಗಳು ಹಗ್ಗ ಜಗ್ಗುತ್ತಿದ್ದವು. "ಏಳ್ರಿ, ಹೊರಗ ನಡೀರಿ, ಹೊರಗ!" ಎಂದು ಅಪ್ಪ ಕೂಗಿ, ನನ್ನ ತಮ್ಮನನ್ನು ಕೌದಿ ಸಮೇತ ಎತ್ತಿಕೊಂಡು ಓಡಿದ. ನಾವು ಅಂಗಳಕ್ಕೆ ಬರುವಷ್ಟರಲ್ಲಿ ಎಲ್ಲ ನಿಂತಿತ್ತು. ಹುಣ್ಣಿಮೆಯ ಹಿಂದಿನ ರಾತ್ರಿ, ಬೆಳದಿಂಗಳು ಚೆನ್ನಾಗಿತ್ತು. ಊರಿಗೆ ಊರೇ ಓಣಿಯಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿರಿಯರೊಬ್ಬರು ಕೊಯ್ನಾದ ಮಾತು ತೆಗೆದರು. 1967ರ ಡಿಸೆಂಬರ್‌ನಲ್ಲಿ ಆದ ಆ ಭೂಕಂಪದ ನೆನಪು ಅವರ ತಲೆಮಾರಿಗೆ ಇತ್ತು. ನಮಗೆ ಭೂಕಂಪವೆಂದರೆ ಪಾಠದಲ್ಲಿ ಬರುವ, ಜಪಾನಿನಲ್ಲಿ ಆಗುವ ಸಂಗತಿ.

ನಮ್ಮ ಊರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಒಂದೆರಡು ಹಳೇ ಗೋಡೆ ಜರಿದಿದ್ದವು, ನಮ್ಮ ಪಡಸಾಲೆಯ ಮೂಲೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಬೆಳಗಾಯಿತು, ದನ ಕರೆದರು. ಒಳಗೆ ಹೋಗಿ ಒಲೆ ಹಚ್ಚಲು ಯಾರಿಗೂ ಧೈರ್ಯವಾಗದೆ ಅಂಗಳದಲ್ಲೇ ಮೂರು ಕಲ್ಲಿಟ್ಟು ಚಹಾ ಕುದಿಸಿದರು. ಹುಡುಗರು ಬಿರುಕು ನೋಡಲು ಮನೆಯಿಂದ ಮನೆಗೆ ತಿರುಗಿದೆವು. ಆ ಒಂದೆರಡು ತಾಸು ನಮಗದು ಹಬ್ಬದ ಮರುದಿನದ ಇನ್ನೊಂದು ಹಬ್ಬ.

ಕಾಕಾನ ಟ್ರಾನ್ಸಿಸ್ಟರ್ ಸುತ್ತ ಜನ ಸೇರಿದ ಮೇಲೆ ಅದು ಬದಲಾಯಿತು. ಲಾತೂರ್ ಜಿಲ್ಲೆಯ ಕಿಲ್ಲಾರಿ ಅಂದರು, ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ತಾಲ್ಲೂಕು ಅಂದರು. ಉಮರ್ಗಾ ಎಂದು ಕಿವಿಗೆ ಬಿದ್ದದ್ದೇ ತಡ, ಅವ್ವ ಹಿಟ್ಟು ನಾದುತ್ತಿದ್ದ ಪರಾತ ಕೆಳಗಿಟ್ಟಳು. ಅವಳ ತಂಗಿ, ನಮ್ಮ ಚಿಗವ್ವನನ್ನು ಕೊಟ್ಟಿದ್ದದ್ದು ಉಮರ್ಗಾದ ಕಡೆಯ ಒಂದು ಹಳ್ಳಿಗೆ.

ಕರ್ನಾಟಕ, ಮಹಾರಾಷ್ಟ್ರಗಳ ಗಡಿ ಎಂಬುದು ನಮ್ಮ ಕಡೆಯವರಿಗೆ ನಕಾಶೆಯ ಮೇಲಿನ ಗೆರೆ ಮಾತ್ರ. ಹೆಣ್ಣು ಕೊಡುವುದು ತರುವುದು, ದನದ ಸಂತೆ, ಜಾತ್ರೆ ಎಲ್ಲವೂ ಆಚೀಚೆ ನಡೆಯುತ್ತವೆ. ಚಿಗವ್ವನ ಮಗಳು ನನ್ನ ಓರಗೆಯವಳು, ಮರಾಠಿ ಶಾಲೆಗೆ ಹೋಗುತ್ತಿದ್ದಳು. ಮನೆಯಲ್ಲಿ ಮಾತಾಡುವುದು ನಮ್ಮಂತೆಯೇ ಕನ್ನಡ. ರಜೆಗೆ ಬಂದಾಗ ನಮ್ಮ ಮಾಳಿಗೆ ಮೇಲೆ ಇಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು.

ಅಪ್ಪ ಮತ್ತು ಕಾಕಾ ಸಿಕ್ಕ ಜೀಪು ಹತ್ತಿ ಹೊರಟರು. ಅಂದು ಇಡೀ ದಿನ ಊರಿನ ಹೆಂಗಸರು ರೊಟ್ಟಿ ಬಡಿದರು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಬಯಲಲ್ಲಿ ಒಲೆ ಹೂಡಿ, ಮನೆಮನೆಯ ಜೋಳದ ಹಿಟ್ಟು ತಂದು ಸುರಿದು, ಕೊಣಮಿಗೆಯಲ್ಲಿ ನಾದಿ ಬಡಿಯುತ್ತಲೇ ಹೋದರು. ಕೆಡದಿರಲೆಂದು ಕಟಕ ಮಾಡಿ, ಶೇಂಗಾ ಹಿಂಡಿಯ ಜೊತೆ ಹಳೆ ಧೋತರದಲ್ಲಿ ಗಂಟು ಕಟ್ಟಿದರು. ಗಂಟುಗಳು ಸಂಜೆ ಟ್ರ್ಯಾಕ್ಟರ್ ಏರಿ ಉಮರ್ಗಾದ ಕಡೆ ಹೋದವು. ಅವ್ವ ಬಾಯಿ ಬಿಡದೆ ಬಡಿಯುತ್ತಿದ್ದಳು. ನಾನು ಹಿಟ್ಟು ಜರಡಿ ಹಿಡಿಯುತ್ತ, "ಚಿಗವ್ವಗ ಏನಾಗ್ಯಾದ?" ಎಂದು ಎಷ್ಟು ಸಲ ಕೇಳಿದರೂ ಯಾರಿಂದಲೂ ಉತ್ತರವಿಲ್ಲ. "ಹುಡುಗರ ಮುಂದ ಬ್ಯಾಡ" ಎಂಬ ಮಾತು ಮಾತ್ರ ಅಂದು ಎಲ್ಲ ಕಡೆಯಿಂದ ಕೇಳಿಸಿತು.

ಅಪ್ಪ ಒಂದೆರಡು ದಿನ ಬಿಟ್ಟು ಬಂದ. ಮೈತುಂಬ ಮಣ್ಣು, ಗಂಟಲು ಬಿದ್ದಿತ್ತು. ಅಷ್ಟರಲ್ಲಿ ಆ ಕಡೆ ಮಳೆ ಹಿಡಿದಿತ್ತು. ಹೆಣ ಸುಡಲು ಕಟ್ಟಿಗೆ ಸಾಲದೆ, ಬಿದ್ದ ಮನೆಗಳ ತೊಲೆ, ಬಾಗಿಲುಗಳನ್ನೇ ಎಳೆದು ಸುಟ್ಟರಂತೆ. ಚಿಗವ್ವ ಉಳಿದಿದ್ದಳು, ತೋಳು ಮುರಿದಿತ್ತು. ಅವಳ ದೊಡ್ಡ ಮಗ ಗಣಪತಿ ಚಪ್ಪರದಲ್ಲೇ ಗೆಳೆಯರ ಜೊತೆ ಮಲಗಿದ್ದರಿಂದ ಉಳಿದ. ಚಿಗವ್ವನ ಗಂಡ ಮತ್ತು ನನ್ನ ಓರಗೆಯ ಹುಡುಗಿ ಉಳಿಯಲಿಲ್ಲ. ಇದನ್ನು ಅಪ್ಪ ಅವ್ವನಿಗೆ ಹೇಳಿದ. ನನಗೆ ಯಾರೂ ಹೇಳಲಿಲ್ಲ. ಬೇವಿನ ಗಿಡದ ಕಟ್ಟೆಯ ಹಿಂದೆ ನಿಂತು ಕೇಳಿಸಿಕೊಂಡೆ.

ಆ ದಿನಗಳಲ್ಲಿ ನನಗೆ ಬೇಕಿದ್ದದ್ದು ಒಂದೇ ಉತ್ತರ. ಅದೇ ನಡುಕ ನಮ್ಮಲ್ಲೂ ಬಂದಿತ್ತಲ್ಲ, ಅವಳು ಯಾಕೆ ಸತ್ತಳು? ಊರಲ್ಲಿ ಉತ್ತರಗಳಿಗೆ ಬರವಿರಲಿಲ್ಲ. ಪಾಪ ಹೆಚ್ಚಾಗ್ಯಾದ ಅಂದರು, ಭೂಮಿತಾಯಿಗೆ ಸಿಟ್ಟು ಬಂದಾದ ಅಂದರು. ಇವತ್ತು ರಾತ್ರಿ ಮತ್ತೆ ಬರುತ್ತದೆ ಎಂಬ ಸುದ್ದಿ ದಿನಕ್ಕೊಂದು ಊರಿನಿಂದ ಬರುತ್ತಿತ್ತು. ವಾರಗಟ್ಟಲೆ ಎಲ್ಲರೂ ಬಯಲಲ್ಲಿ ಮಲಗಿದೆವು. ಪಾಪದ ಮಾತು ನನ್ನನ್ನು ಬಹಳ ಕಾಡಿತು. ಹತ್ತು ವರ್ಷದ ಹುಡುಗಿ ಏನು ಪಾಪ ಮಾಡಿದ್ದಾಳು? ಸತ್ತವರ ಮೇಲೆ ಇನ್ನೊಂದು ಭಾರ ಹೇರುವ ಆ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಸರಿಯಾದ ಉತ್ತರ ಸಿಕ್ಕಿದ್ದು ಒಬ್ಬ ಗೌಂಡಿಯಿಂದ. ನಮ್ಮೂರಿನವನೇ. ಆ ಕಡೆ ದುರಸ್ತಿ ಕೆಲಸ ಶುರುವಾದ ಮೇಲೆ ಉಮರ್ಗಾ ತಾಲ್ಲೂಕಿಗೆ ದುಡಿಯಲು ಹೋಗಿ, ಅಲ್ಲಿ ಎಂಜಿನಿಯರರು ಹೇಳಿಕೊಟ್ಟದ್ದನ್ನು ಕಲಿತು ಬಂದಿದ್ದ. ನಮ್ಮ ಪಡಸಾಲೆಯ ಬಿರುಕು ಬಿಟ್ಟ ಗೋಡೆ ಬಿಚ್ಚಲು ಅಪ್ಪ ಅವನನ್ನು ಕರೆಸಿದ. ನಾನು ಪಕ್ಕದಲ್ಲೇ ಕುಳಿತು ನೋಡಿದೆ.

"ಗೋಡಿ ಹೊಟ್ಟಿ ಬಿಟ್ಟಾದ, ನೋಡವ್ವ" ಎಂದು ಅವನು ಉಬ್ಬಿದ ಜಾಗದ ಮೇಲೆ ಅಂಗೈ ಇಟ್ಟು ತೋರಿಸಿದ. ಎರಡೂವರೆ ಅಡಿ ದಪ್ಪದ ಗೋಡೆ, ಅಜ್ಜನ ಕಾಲದ್ದು. ಅಷ್ಟು ದಪ್ಪ ಗೋಡೆ ನಮ್ಮ ಮನೆತನದ ಹೆಮ್ಮೆ. ಬಿಚ್ಚಿದಾಗ ಕಂಡದ್ದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದನೆಯ ಕಲ್ಲು ಒಂದೂ ಇರಲಿಲ್ಲ. ನೆಲ ಅಲುಗಿದಾಗ ಒಳಸಾಲು ಒಳಕ್ಕೆ, ಹೊರಸಾಲು ಹೊರಕ್ಕೆ ಹೊರಳುತ್ತದೆ. ಒಳಕ್ಕೆ ಬಿದ್ದದ್ದು ಮಲಗಿದವರ ಮೇಲೆ ಬೀಳುತ್ತದೆ. ಮಾಳಿಗೆಯನ್ನು ಹೊತ್ತ ಮರದ ಕಂಬಗಳು ಎಷ್ಟೋ ಮನೆಗಳಲ್ಲಿ ನಿಂತೇ ಇದ್ದವು, ಜನರನ್ನು ಕೊಂದದ್ದು ಗೋಡೆ ಎಂದು ಅವನು ಕಣ್ಣಾರೆ ಕಂಡದ್ದನ್ನು ಹೇಳಿದ.

ಆಮೇಲೆ ಮೇಲಕ್ಕೆ ಕೈ ತೋರಿಸಿದ. ನಮ್ಮ ಕಡೆ ಮಾಳಿಗೆ ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ಹಾಕುತ್ತಾರೆ. ಹಳೇ ಮಣ್ಣು ತೆಗೆಯುವುದಿಲ್ಲ, ಅದರ ಮೇಲೆ ಹೊಸದು. ತಲೆಮಾರಿನಿಂದ ತಲೆಮಾರಿಗೆ ಅದು ಏರುತ್ತಲೇ ಹೋಗುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಅದರ ತೂಕ 8 ಟನ್ ದಾಟುತ್ತದೆ. ಈ ಲೆಕ್ಕ ನಾನು ಶಿಕ್ಷಕಿಯಾದ ಮೇಲೆ ಮಾಡಿದ್ದು, ಈಗ ಪ್ರತಿ ವರ್ಷ ಏಳನೇ ತರಗತಿಯ ಮಕ್ಕಳಿಂದ ಮಾಡಿಸುತ್ತೇನೆ. ಗೌಂಡಿಗೆ ಟನ್ನಿನ ಲೆಕ್ಕ ಬೇಕಿರಲಿಲ್ಲ. "ಇದರ ಬುಡಕ ನಾವು ಮಕ್ಕೋತೀವಿ" ಅಂದ, ಅಷ್ಟೇ. ಆ ಕಡೆ ಉಳಿದವರಲ್ಲಿ ಹುಲ್ಲಿನ ಗುಡಿಸಲು, ತಗಡಿನ ಶೆಡ್ಡುಗಳಲ್ಲಿದ್ದ ಬಡವರೇ ಹೆಚ್ಚು ಎಂದೂ ಹೇಳಿದ. ಚಿಗವ್ವನ ಮನೆ ಊರಿನ ದೊಡ್ಡ ಮನೆಗಳಲ್ಲೊಂದು. ನನ್ನ ಓರಗೆಯವಳು ಯಾಕೆ ಸತ್ತಳು ಎಂಬುದಕ್ಕೆ ನನಗೆ ಉತ್ತರ ಸಿಕ್ಕಿತ್ತು. ಅದರಲ್ಲಿ ಪಾಪದ ಮಾತೇ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನಗೆ ಸಮಾಧಾನ ಕೊಟ್ಟದ್ದು ಆ ಉತ್ತರವೇ.

ಅವನು ನಮ್ಮ ಮನೆಗೆ ಮಾಡಿದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಮಾಳಿಗೆಯ ಮಣ್ಣನ್ನು ಒಂದು ಗೇಣಿಗೆ ಇಳಿಸಿದ. ಅದರ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ಸೋರುವುದೂ ನಿಂತಿತು. ಉಳಿದ ಗೋಡೆಗಳಲ್ಲಿ ಅಲ್ಲಲ್ಲಿ ಆರಪಾರ ತೂತು ತೆಗೆದು, ತುದಿ ಬಾಗಿಸಿದ ಸರಳು ಇಟ್ಟು, ಕಾಂಕ್ರೀಟ್ ತುಂಬಿದ. ಒಳಸಾಲು, ಹೊರಸಾಲು ಎರಡನ್ನೂ ಆ ಸರಳು ಹಿಡಿದುಕೊಳ್ಳುತ್ತದೆ. ಹೊಸದಾಗಿ ಎಬ್ಬಿಸಿದ ಕೋಣೆಗೆ ಬಾಗಿಲು, ಕಿಟಕಿಗಳ ತಲೆಯ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತುವ ಕಾಂಕ್ರೀಟ್ ಪಟ್ಟಿ ಹಾಕಿದ. ಪೂರ್ತಿ ಮಣ್ಣು ತೆಗೆದು ತಗಡು ಹಾಕಿಸೋಣ ಎಂದು ಅಪ್ಪ ಹೊರಟಾಗ ಆಯಿ ಒಪ್ಪಲಿಲ್ಲ. ನಮ್ಮ ಕಡೆಯ ಮೇ ತಿಂಗಳ ಬಿಸಿಲಲ್ಲಿ ಮಾಳಿಗೆಯ ಮನೆಯೇ ತಂಪು, ತಗಡಿನ ಅಡಿ ಮುದುಕರು ಬದುಕುವುದು ಕಷ್ಟ. ಜನ ಮಣ್ಣಿನ ಮಾಳಿಗೆ ಬಿಡದಿರುವುದಕ್ಕೆ ತಕ್ಕ ಕಾರಣವಿದೆ, ಅದನ್ನು ಅಜ್ಞಾನ ಎನ್ನುವವರು ಒಂದು ಬೇಸಿಗೆ ಇಲ್ಲಿ ಇದ್ದು ನೋಡಬೇಕು.

ದೊಡ್ಡ ವಿಷಯಗಳನ್ನು ಮುಂದೆ ಓದಿ ತಿಳಿದೆ. ಭೂಕಂಪದ ತೀವ್ರತೆ ಸುಮಾರು 6.2, ಆದರೆ ಕೇಂದ್ರ ನೆಲದಿಂದ ಬಹಳ ಆಳದಲ್ಲಿರಲಿಲ್ಲ. ನಡುಕ ಬೆಂಗಳೂರು, ಹೈದರಾಬಾದ್, ಮುಂಬೈವರೆಗೆ ತಿಳಿಯಿತು. ಸತ್ತವರ ಸಂಖ್ಯೆ ಒಂದೊಂದು ಲೆಕ್ಕದಲ್ಲಿ ಒಂದೊಂದು, ಸುಮಾರು 8 ಸಾವಿರದಿಂದ 10 ಸಾವಿರದ ನಡುವೆ. 52 ಹಳ್ಳಿಗಳು ನೆಲಸಮವಾದವು. ಆಗಿನ ಭೂಕಂಪ ನಕಾಶೆಯಲ್ಲಿ ಆ ಪ್ರದೇಶ ಒಂದನೇ ವಲಯದಲ್ಲಿತ್ತು, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. 2002ರಲ್ಲಿ ನಕಾಶೆ ತಿದ್ದಿ ಒಂದನೇ ವಲಯವನ್ನೇ ತೆಗೆದರು, ಲಾತೂರಿನ ಸುತ್ತಲಿನ ಭಾಗವನ್ನು ಮೂರನೇ ವಲಯಕ್ಕೆ ಸೇರಿಸಿದರು. ಆದರೆ ಕಿಲ್ಲಾರಿಯ ಜನಕ್ಕೆ 1992ರಲ್ಲೇ ನಡುಕಗಳು ಅನುಭವಕ್ಕೆ ಬಂದಿದ್ದವು, ಅವರು ಹೆದರಿದ್ದರು. ನಕಾಶೆಗಿಂತ ಅವರ ಹೆದರಿಕೆಗೆ ಬೆಲೆ ಕೊಡಬೇಕಿತ್ತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಚಿಗವ್ವನ ಮಗ ಪುಣೆಗೆ ಹೋದ. ಭಾರತೀಯ ಜೈನ ಸಂಘಟನೆಯವರು ಸುಮಾರು 1,200 ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಓದಿಸಿದರು, ಅವರಲ್ಲಿ ಅವನೂ ಒಬ್ಬ. ಚಿಗವ್ವನಿಗೆ ಹೊಸ ಊರಲ್ಲಿ ಗಟ್ಟಿ ಮನೆ ಸಿಕ್ಕಿತು. ಅಗಲ ರಸ್ತೆ, ಗೆರೆ ಎಳೆದ ಹಾಗೆ ಸಾಲು ಮನೆಗಳು. ಹಳೇ ಊರಿನ ಓಣಿ, ಕಟ್ಟೆ, ನೆರೆಹೊರೆ ಅಲ್ಲಿ ಇರಲಿಲ್ಲ. ಎದುರು ಮನೆಯವರನ್ನು ಮಾತಾಡಿಸಲು ಬಿಸಿಲಲ್ಲಿ ಅಷ್ಟು ದೂರ ನಡೆಯಬೇಕಲ್ಲ ಎಂಬುದು ಅವಳ ದೂರು. ಮಗಳ ಮಾತನ್ನು ಅವಳು ಮೊದಲ ಸಲ ಎತ್ತಿದ್ದು ನನ್ನ ಮದುವೆಯಲ್ಲಿ, ಬಳೆ ತೊಡಿಸುವ ಹೊತ್ತಿಗೆ. ಆಗ ನಾವಿಬ್ಬರೂ ಮನಸಾರೆ ಅತ್ತೆವು.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿದಾಗ ನಾನು ಹೋಗಿ ಬಂದೆ. ನೆಲದೊಳಗೆ ಇಳಿದ ಮಳೆನೀರಿನ ಒತ್ತಡ ಇದಕ್ಕೆ ಕಾರಣವಿರಬಹುದು ಎಂದು ತಜ್ಞರು ಹೇಳುತ್ತಿದ್ದರು. ಜನ ಊರು ಬಿಡುತ್ತಿದ್ದರು, ಉಳಿದವರು ಹೊರಗೆ ಮಲಗುತ್ತಿದ್ದರು. ಅಲ್ಲೂ ಪಾಪದ ಮಾತು ಕೇಳಿಬಂತು. ನಮ್ಮ ಶಾಲೆಗೆ ಮರಳಿದ ಮೇಲೆ ನಾನು ಮಕ್ಕಳಿಗೆ ಏನನ್ನೂ ಮುಚ್ಚಿಡಲಿಲ್ಲ. ನಡುಕ ಎಂದರೇನು, ಗೋಡೆ ಯಾಕೆ ಬೀಳುತ್ತದೆ, ನನ್ನ ಮನೆಯಲ್ಲಿ ಯಾರು ಸತ್ತರು ಎಲ್ಲವನ್ನೂ ಹೇಳಿದೆ. ಮಕ್ಕಳು ಹೆದರುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಕ್ಕಳು ಮೊದಲೇ ಹೆದರಿದ್ದರು. ಕಾರಣ ಗೊತ್ತಾದ ಮೇಲೆ ಅವರ ಪ್ರಶ್ನೆಗಳ ದಾರಿಯೇ ಬೇರೆಯಾಯಿತು. ಮನೆಗೆ ಹೋಗಿ ಗೋಡೆಗೆ ಕೈ ಇಟ್ಟು ಹೊಟ್ಟೆ ಬಿಟ್ಟಿದೆಯೇ ಎಂದು ನೋಡಿ ಬಂದು ಹೇಳಿದರು.

ಭೂಕಂಪ ನಮ್ಮ ಜೀವಮಾನದಲ್ಲಿ ಮತ್ತೆ ಬರದೇ ಇರಬಹುದು. ಮಳೆ ಪ್ರತಿ ವರ್ಷ ಬರುತ್ತದೆ. ಅದೇ ಗೋಡೆ, ಅದೇ ಮಾಳಿಗೆ ನೀರು ಕುಡಿದು ಭಾರವಾಗಿ ಕುಸಿಯುತ್ತವೆ. 2019ರ ಜೂನ್‌ನಲ್ಲಿ ಬಸವಕಲ್ಯಾಣದಲ್ಲಿ ರಾತ್ರಿ ಮನೆ ಕುಸಿದು ಮಲಗಿದ್ದ ಒಂದೇ ಕುಟುಂಬದ ಆರು ಜನ ಸತ್ತರು. ಮಳೆಗಾಲ ಮುಗಿದ ಮೇಲೆ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಡುತ್ತಾರೆ. ಕೊಡಲಿ, ಬೇಕೇ ಬೇಕು. ಆದರೆ ನಿಂತಿರುವ ಮನೆಯ ಮಾಳಿಗೆಯಿಂದ ಮಣ್ಣು ಇಳಿಸಲು, ಗೋಡೆಗೆ ನಾಲ್ಕು ಸರಳು ತೂರಿಸಲು ಬೇಕಾಗುವ ಕೂಲಿ ಆ ಪರಿಹಾರದ ಮುಂದೆ ತೀರ ಸಣ್ಣದು. ನಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಇದನ್ನು ಬರೆದು ಕೊಟ್ಟಿದ್ದೇನೆ, ಹಳೇ ಮಾಳಿಗೆ ಮನೆಗಳ ಪಟ್ಟಿಯನ್ನೂ ಮಕ್ಕಳ ಕೈಯಿಂದ ಮಾಡಿಸಿ ಲಗತ್ತಿಸಿದ್ದೇನೆ. ಯಾವ ಮನೆಯಲ್ಲಿ ಎಷ್ಟು ಗೇಣು ಮಣ್ಣಿದೆ, ಯಾವ ಗೋಡೆ ಉಬ್ಬಿದೆ, ಅದರ ಪಕ್ಕದಲ್ಲಿ ರಾತ್ರಿ ಯಾರು ಮಲಗುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಮುಂದಿನ ಸಭೆಗೂ ಅದರ ಪ್ರತಿ ತೆಗೆದುಕೊಂಡು ಹೋಗುತ್ತೇನೆ.