ಹೃದಯದ ತೂಬಿನಲ್ಲೊಂದು ಕಲ್ಲು

ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಮೂರು ಬೆರಳುಗಳನ್ನು ಮೃದುವಾಗಿ ಊರಿ ಒಂದು ನಿಮಿಷ ಕಾಲ ನಾಡಿಯನ್ನು ಎಣಿಸೋಣ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರಲ್ಲಿ ಅದು ನಿಮಿಷಕ್ಕೆ 60ರಿಂದ 100ರವರೆಗೆ, ಬಹುಮಟ್ಟಿಗೆ 72ರ ಸುಮಾರಿನಲ್ಲಿ ಇರುವುದು. ದಿನವೊಂದಕ್ಕೆ ಇದು ಒಂದು ಲಕ್ಷವನ್ನು ಮೀರುವುದು. ಈ ಲಕ್ಷ ಬಡಿತಗಳಲ್ಲಿ ಒಂದೊಂದೂ ಹೃದಯದ ನಡುವೆ ಇರುವ ಒಂದು ಸಣ್ಣ ಗಂಟನ್ನು ಹಾದುಹೋಗಬೇಕು. ಆ ಗಂಟಿನ ಉದ್ದ ಕೆಲವೇ ಮಿಲಿಮೀಟರುಗಳು. ರಾಗಿಯ ಕೆಲವು ಕಾಳುಗಳನ್ನು ಸಾಲಾಗಿ ಇಟ್ಟಷ್ಟು. ಅತಿ ವಿರಳವಾಗಿ ಕೆಲವರಲ್ಲಿ ಈ ಗಂಟಿನೊಳಗೇ ಹುಟ್ಟಿನಿಂದ ಒಂದು ಪುಟ್ಟ ಗಡ್ಡೆ ನೆಲೆಸಿರುವುದುಂಟು. ಅದು ಕ್ಯಾನ್ಸರ್ ಅಲ್ಲ, ಮೈಯಲ್ಲಿ ಹರಡುವುದಿಲ್ಲ. ಆದರೂ ಹಠಾತ್ ಮರಣವನ್ನು ತರಬಲ್ಲ ಗಡ್ಡೆಗಳಲ್ಲಿ ಅತ್ಯಂತ ಚಿಕ್ಕದು ಎಂಬ ಹೆಸರನ್ನು ವೈದ್ಯಗ್ರಂಥಗಳು ಅದಕ್ಕೆ ಕೊಟ್ಟಿವೆ. ನಿರುಪದ್ರವಿಯಾದ ಒಂದು ಗಡ್ಡೆ ಮಾರಕವಾಗುವುದು ಹೇಗೆ? ಇದನ್ನು ತಿಳಿಯಬೇಕಾದರೆ ಮೊದಲು ಹೃದಯದ ಬಡಿತ ಯಾವ ಹಾದಿಯಲ್ಲಿ ಸಾಗುವುದೆಂಬುದನ್ನು ನೋಡಬೇಕು.

ಬಡಿತದ ಹಾದಿ

ನಮ್ಮ ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಕರ್ಣಗಳು ರಕ್ತವನ್ನು ಸ್ವೀಕರಿಸಿ ಕುಕ್ಷಿಗಳಿಗೆ ಇಳಿಸುವುವು. ಕುಕ್ಷಿಗಳು ಅದನ್ನು ಶ್ವಾಸಕೋಶಗಳಿಗೂ ದೇಹದ ಉಳಿದ ಭಾಗಗಳಿಗೂ ನೂಕುವುವು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ವಿಶೇಷ ಮಾಂಸತಂತುಗಳ ಸಮೂಹವಿದೆ. ಬಡಿತಕ್ಕೆ ಆಜ್ಞೆ ಹುಟ್ಟುವುದು ಅಲ್ಲಿ. ಈ ಆಜ್ಞೆ ಒಂದು ಕ್ಷೀಣವಾದ ವಿದ್ಯುತ್ ತರಂಗ. ಅದು ಎರಡು ಕರ್ಣಗಳಲ್ಲೂ ಹರಡಿ ಅವುಗಳನ್ನು ಸಂಕುಚಿಸುವುದು. ಆದರೆ ಕರ್ಣಗಳಿಗೂ ಕುಕ್ಷಿಗಳಿಗೂ ನಡುವೆ ವಿದ್ಯುತ್ತನ್ನು ಸಾಗಿಸದ ನಾರಿನ ಒಂದು ಅಡ್ಡಪಟ್ಟಿ ಇದೆ. ಆರೋಗ್ಯವಂತ ಹೃದಯದಲ್ಲಿ ಅದನ್ನು ದಾಟಲು ಇರುವುದು ಒಂದೇ ದ್ವಾರ. ಆ ದ್ವಾರದ ಬಾಯಿಯಲ್ಲಿರುವುದೇ ನಾವು ಮೊದಲು ಹೇಳಿದ ಸಣ್ಣ ಗಂಟು. ಕರ್ಣ ಮತ್ತು ಕುಕ್ಷಿಗಳ ಸಂಧಿಯಲ್ಲಿರುವುದರಿಂದ ಇದನ್ನು ಕರ್ಣಕುಕ್ಷಿ ಗಂಟು ಎಂದು ಕರೆಯೋಣ.

ಇಲ್ಲಿ ತರಂಗವು ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ತಡೆದು ಸಾಗುವುದು. ಈ ತಡ ಒಂದು ದೋಷವಲ್ಲ, ಉಪಕಾರ. ಅಷ್ಟರಲ್ಲಿ ಕರ್ಣಗಳು ತಮ್ಮ ರಕ್ತವನ್ನು ಕುಕ್ಷಿಗಳಿಗೆ ತುಂಬಿ ಮುಗಿಸುವುವು. ಅನಂತರ ತರಂಗವು 'ಹಿಸ್‌ನ ಕಟ್ಟು' ಎಂಬ ತಂತುಗಳ ಕಟ್ಟಿನ ಮೂಲಕ ಇಳಿದು, ಕವಲೊಡೆದು, ಪುರ್ಕಿಂಜೆ ತಂತುಗಳ ಜಾಲದಲ್ಲಿ ಹರಡಿ ಕುಕ್ಷಿಗಳನ್ನು ಒಮ್ಮೆಗೇ ಸಂಕುಚಿಸುವುದು.

ಕೆರೆಯ ತೂಬನ್ನು ಕಂಡವರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುವುದು. ಕೆರೆ ಎಷ್ಟೇ ವಿಶಾಲವಾಗಿರಲಿ, ಗದ್ದೆಗಳು ಎಷ್ಟೇ ಹರಡಿಕೊಂಡಿರಲಿ, ಏರಿಯನ್ನು ದಾಟಿ ನೀರು ಗದ್ದೆಗೆ ಇಳಿಯುವುದು ತೂಬಿನಿಂದ ಮಾತ್ರ. ಹೃದಯದ ನಾರಿನ ಪಟ್ಟಿಯೇ ಏರಿ. ಕರ್ಣಕುಕ್ಷಿ ಗಂಟೇ ತೂಬು.

ಈ ಹಾದಿಯನ್ನು ಕಂಡವರು

ರೋಸ್ಟಾಕ್ ನಗರದ ಸ್ಟಾನಿಯಸ್ ಎಂಬ ವಿಜ್ಞಾನಿ 1852ರಲ್ಲಿ ಕಪ್ಪೆಯ ಹೃದಯದ ಮೇಲೆ ಒಂದು ಸರಳವಾದ ಪ್ರಯೋಗವನ್ನು ನಡೆಸಿದನು. ಕಪ್ಪೆಯಲ್ಲಿ ಬಡಿತ ಹುಟ್ಟುವುದು ಮಹಾಸಿರೆಗಳು ಬಂದು ಕೂಡುವ ಸಿರಾಕೋಶದಲ್ಲಿ. ಸಿರಾಕೋಶಕ್ಕೂ ಕರ್ಣಕ್ಕೂ ನಡುವೆ ದಾರವನ್ನು ಬಿಗಿದಾಗ ಸಿರಾಕೋಶವು ಬಡಿಯುತ್ತಲೇ ಇದ್ದಿತು. ಉಳಿದ ಹೃದಯ ಸ್ತಬ್ಧವಾಯಿತು. ಕರ್ಣ-ಕುಕ್ಷಿಗಳ ನಡುವೆ ಎರಡನೆಯ ದಾರವನ್ನು ಬಿಗಿದಾಗ ಕುಕ್ಷಿಯು ತನ್ನದೇ ಆದ ನಿಧಾನಗತಿಯಲ್ಲಿ ಬಡಿಯತೊಡಗಿತು. ಹೃದಯದ ಒಂದೊಂದು ಭಾಗಕ್ಕೂ ಸ್ವಂತ ಲಯವಿದೆ, ಆದರೆ ಮೇಲಿನ ಭಾಗದ ಲಯವೇ ವೇಗವಾದುದರಿಂದ ಉಳಿದವು ಅದನ್ನು ಅನುಸರಿಸುವುವು ಎಂಬ ತತ್ತ್ವ ಇದರಲ್ಲಿ ಅಡಗಿದೆ.

1893ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬಾತನು ತನ್ನ ಹೆಸರನ್ನೇ ಪಡೆದ ತಂತುಗಳ ಕಟ್ಟನ್ನು ವರ್ಣಿಸಿದನು. ಅದು ಎಲ್ಲಿಂದ ಹೊರಟು ಎಲ್ಲಿಗೆ ಸೇರುವುದೆಂಬುದನ್ನು ಸ್ಪಷ್ಟಪಡಿಸಿದವನು ಜಪಾನಿನ ಸುನಾವೊ ತವಾರಾ. ಜರ್ಮನಿಯ ಮಾರ್ಬುರ್ಗ್ ನಗರದಲ್ಲಿ ಅಶೋಫ್ ಎಂಬ ಪಂಡಿತನ ಪ್ರಯೋಗಶಾಲೆಯಲ್ಲಿ ಆತನು ಮಾನವನ ಮತ್ತು ಪ್ರಾಣಿಗಳ ಹೃದಯಗಳನ್ನು ತೆಳುವಾದ ಪದರಗಳಾಗಿ ಸಾಲುಸಾಲಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕರ್ಣಕುಕ್ಷಿ ಗಂಟಿನಿಂದ ಪುರ್ಕಿಂಜೆ ತಂತುಗಳವರೆಗೆ ಒಂದೇ ಅಖಂಡ ಮಾರ್ಗವಿದೆಯೆಂದು 1906ರಲ್ಲಿ ಪ್ರಕಟಿಸಿದನು. ಮರುವರ್ಷ ಇಂಗ್ಲೆಂಡಿನ ಕೀತ್ ಮತ್ತು ಫ್ಲಾಕ್ ಎಂಬುವರು ಸೈನಸ್ ಗಂಟನ್ನು ವರ್ಣಿಸಿದರು. ಹೀಗೆ ನಕ್ಷೆ ಪೂರ್ಣವಾಯಿತು.

ಹಾದಿಗೆ ತಡೆ ಬಂದರೆ

ಕರ್ಣದಿಂದ ಕುಕ್ಷಿಗೆ ತರಂಗವು ಇಳಿಯದಿರುವ ಸ್ಥಿತಿಗೆ ಹಾರ್ಟ್ ಬ್ಲಾಕ್ ಎಂದು ಹೆಸರು. ಇಲ್ಲೊಂದು ಎಚ್ಚರ ಅಗತ್ಯ. ಜನರ ಮಾತಿನಲ್ಲಿ 'ಹಾರ್ಟಿನಲ್ಲಿ ಬ್ಲಾಕ್ ಇದೆ' ಎಂದರೆ ಹೃದಯಕ್ಕೆ ರಕ್ತವನ್ನು ಒದಗಿಸುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡಿದೆ ಎಂಬ ಅರ್ಥ. ನಾವು ಇಲ್ಲಿ ಹೇಳುತ್ತಿರುವುದು ರಕ್ತದ ತಡೆಯಲ್ಲ, ವಿದ್ಯುತ್ತಿನ ತಡೆ.

ತಡೆಯು ಪೂರ್ಣವಾದಾಗ ಕರ್ಣಗಳು ತಮ್ಮ ಪಾಡಿಗೆ 72ರಂತೆ ಬಡಿಯುತ್ತಿದ್ದರೂ ಕುಕ್ಷಿಗಳು ಸ್ಟಾನಿಯಸನ ಕಪ್ಪೆಯಲ್ಲಿ ಆದಂತೆ ಸ್ವಂತ ಲಯಕ್ಕೆ ಇಳಿಯುವುವು. ಆ ಲಯವು ಕುಕ್ಷಿಗಳ ಮಾಂಸದಲ್ಲೇ ಹುಟ್ಟಿದುದಾದರೆ ನಿಮಿಷಕ್ಕೆ 20ರಿಂದ 40 ಬಡಿತಗಳು ಮಾತ್ರ. ಅದೂ ಕೆಲವು ಸೆಕೆಂಡುಗಳ ಕಾಲ ನಿಂತರೆ ಮೆದುಳಿಗೆ ರಕ್ತ ಸಾಲದೆ ಮನುಷ್ಯನು ಎಚ್ಚರ ತಪ್ಪಿ ಬೀಳುವನು. ಡಬ್ಲಿನ್ ನಗರದ ವೈದ್ಯರಾದ ಆಡಮ್ಸ್ 1827ರಲ್ಲಿಯೂ ಸ್ಟೋಕ್ಸ್ 1846ರಲ್ಲಿಯೂ ಇಂಥ ಮೂರ್ಛೆಗಳನ್ನು ವರ್ಣಿಸಿದ್ದರು. ನೋಡುವವರಿಗೆ ಇದು ಅಪಸ್ಮಾರದಂತೆ ತೋರಬಹುದು. ಆದರೆ ಮೂಲವಿರುವುದು ಮೆದುಳಿನಲ್ಲಲ್ಲ, ಹೃದಯದಲ್ಲಿ.

1911ರಲ್ಲಿ ಕಂಡ ಗಡ್ಡೆ

ತವಾರಾನ ಗ್ರಂಥ ಬಂದ ಐದೇ ವರ್ಷಗಳಲ್ಲಿ, 1911ರಲ್ಲಿ, ಆರ್ಮ್‌ಸ್ಟ್ರಾಂಗ್ ಮತ್ತು ಮೋಂಕೆಬರ್ಗ್ ಎಂಬುವರು ಜರ್ಮನಿಯ ಒಂದು ವೈದ್ಯಪತ್ರಿಕೆಯಲ್ಲಿ ಐದು ವರ್ಷದ ಒಂದು ಮಗುವಿನ ವಿಷಯವನ್ನು ಬರೆದರು. ಆ ಮಗುವಿಗೆ ಹಾರ್ಟ್ ಬ್ಲಾಕ್ ಇದ್ದಿತು. ಹೃದಯವನ್ನು ಪರೀಕ್ಷಿಸಿದಾಗ ಕಾರಣವಾಗಿ ದೊರೆತುದು ಹೃದಯದಲ್ಲೇ ಹುಟ್ಟಿದ ಒಂದು ಗಡ್ಡೆ. ಇದೇ ಈ ಬಗೆಯ ಗಡ್ಡೆಯ ಮೊದಲ ವರ್ಣನೆ. ಗಂಟು ಎಲ್ಲಿದೆಯೆಂಬುದು ತಿಳಿಯದಿದ್ದ ಕಾಲದಲ್ಲಿ ಈ ಕಾರಣವನ್ನು ಹುಡುಕುವ ಬಗೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಅನಂತರದ ವರ್ಷಗಳಲ್ಲಿ ನವಜಾತ ಶಿಶುಗಳಿಂದ ಮುದುಕರವರೆಗೆ ಎಲ್ಲ ವಯಸ್ಸಿನವರಲ್ಲಿಯೂ ಇದು ಕಂಡುಬಂದಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗಾತ್ರ ಸಾಮಾನ್ಯವಾಗಿ 2ರಿಂದ 20 ಮಿಲಿಮೀಟರು. ಕೊಯ್ದು ನೋಡಿದರೆ ಒಳಗೆ ದ್ರವ ತುಂಬಿದ ಅನೇಕ ಸಣ್ಣ ಚೀಲಗಳು ಕಾಣುವುವು. ಇದರಿಂದಲೇ ಇಂದು ಇದನ್ನು ಕರ್ಣಕುಕ್ಷಿ ಗಂಟಿನ ಚೀಲಗಡ್ಡೆ ಎಂಬ ಅರ್ಥ ಬರುವ ಹೆಸರಿನಿಂದ ಕರೆಯುವರು. ವಿಚಿತ್ರವೆಂದರೆ ಅದು ನಾರಿನ ಪಟ್ಟಿಯನ್ನು ದಾಟಿ ಕುಕ್ಷಿಗಳ ಮಾಂಸಕ್ಕೆ ಇಳಿಯುವುದಿಲ್ಲ, ಕವಾಟಗಳನ್ನೂ ಮುಟ್ಟುವುದಿಲ್ಲ. ತೂಬಿನ ಬಾಯಲ್ಲಿ ಕುಳಿತ ಕಲ್ಲಿನಂತೆ ಅಲ್ಲೇ ಇರುವುದು.

ಎಲ್ಲಿಂದ ಬಂದಿತು?

ಈ ಚೀಲಗಳ ಒಳಪೊರೆ ಯಾವುದೆಂಬ ಪ್ರಶ್ನೆ ಬಹುಕಾಲ ವಿವಾದದಲ್ಲಿದ್ದಿತು. ಕೆಲವರು ಅದನ್ನು ಹಾಲ್ರಸ ನಾಳಗಳದೆಂದರು. ಮತ್ತೆ ಕೆಲವರು ಹೃದಯದ ಹೊರಚೀಲದ ಪೊರೆಯದೆಂದು ನಂಬಿ ಅದಕ್ಕೆ ಮೀಸೊಥೀಲಿಯೋಮ ಎಂಬ ಹೆಸರನ್ನಿಟ್ಟರು. 1980ರ ದಶಕದಲ್ಲಿ, ನಿರ್ದಿಷ್ಟ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ವಿಧಾನಗಳು ಬಂದಾಗ, ಈ ಜೀವಕೋಶಗಳು ಅನ್ನಮಾರ್ಗದ ಒಳಪೊರೆಯ ಜೀವಕೋಶಗಳನ್ನು ಹೋಲುವುವೆಂದು ತಿಳಿಯಿತು.

ಹೃದಯದ ನಡುವೆ ಅನ್ನಮಾರ್ಗದ ಜೀವಕೋಶ ಬಂದುದು ಹೇಗೆ? ಭ್ರೂಣದಲ್ಲಿ ಮೊದಲು ಮೂರು ಪದರಗಳಿರುವುವು. ಹೊರಪದರದಿಂದ ಚರ್ಮವೂ ನರಮಂಡಲವೂ, ನಡುಪದರದಿಂದ ಹೃದಯವೂ ಮಾಂಸಖಂಡಗಳೂ, ಒಳಪದರದಿಂದ ಅನ್ನಮಾರ್ಗದ ಒಳಪೊರೆಯೂ ರೂಪುಗೊಳ್ಳುವುವು. ಹೃದಯವು ಮೂಡುವುದು ಅನ್ನಮಾರ್ಗದ ಮುಂಭಾಗಕ್ಕೆ ತೀರ ಸಮೀಪದಲ್ಲಿ. ಆ ನೆರೆಹೊರೆಯ ಕಾಲದಲ್ಲಿ ಒಳಪದರದ ಕೆಲವು ಜೀವಕೋಶಗಳು ದಾರಿ ತಪ್ಪಿ ಹೃದಯದಲ್ಲಿ ಸಿಕ್ಕಿಕೊಂಡವೆಂದು ಊಹಿಸಲಾಗಿದೆ. ಆದುದರಿಂದಲೇ ಇದು ಜನ್ಮಜಾತ. ಜನ್ಮಜಾತ ಎಂಬುದಕ್ಕೂ ಆನುವಂಶಿಕ ಎಂಬುದಕ್ಕೂ ವ್ಯತ್ಯಾಸವಿದೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹುಟ್ಟುವಾಗಲೇ ಇರುವುದೆಲ್ಲವೂ ತಂದೆ ತಾಯಿಗಳಿಂದ ಬಂದುದಾಗಬೇಕೆಂದಿಲ್ಲ.

ಪತ್ತೆಯೂ ಪರಿಹಾರವೂ

ವೈದ್ಯರು ಗಡ್ಡೆಯನ್ನು ಸೌಮ್ಯವೆನ್ನುವುದು ಅದರ ಜೀವಕೋಶಗಳ ನಡತೆಯನ್ನು ನೋಡಿ. ಅವು ಮಿತಿಮೀರಿ ವೃದ್ಧಿಯಾಗುವುದಿಲ್ಲ, ಬೇರೆ ಅಂಗಗಳಿಗೆ ವಲಸೆ ಹೋಗುವುದಿಲ್ಲ ಎಂದಷ್ಟೇ ಅದರ ಅರ್ಥ. ಕೆರೆಯ ನಡುವೆ ಬಿದ್ದಿರುವ ಬಂಡೆಯಿಂದ ಯಾವ ಬಾಧೆಯೂ ಇಲ್ಲ. ತೂಬಿಗೆ ಸಿಕ್ಕ ಸಣ್ಣ ಕಲ್ಲು ಬೆಳೆಯನ್ನು ಒಣಗಿಸಬಲ್ಲದು. ಚರ್ಮದ ಕೆಳಗೆ ಇದ್ದಿದ್ದರೆ ಗಮನಕ್ಕೂ ಬಾರದಿದ್ದ ಚೀಲಗಡ್ಡೆ ಇಲ್ಲಿ ಪ್ರಾಣಕ್ಕೆ ಎರವಾಗುವುದು.

ಪೂರ್ಣ ಹಾರ್ಟ್ ಬ್ಲಾಕ್ ಇದೆಯೇ ಎಂಬುದನ್ನು ಇ.ಸಿ.ಜಿ. ಪರೀಕ್ಷೆ ಕೂಡಲೆ ತಿಳಿಸುವುದು. ಆದರೆ ಅದಕ್ಕೆ ಕಾರಣ ಗಡ್ಡೆಯೇ ಎಂಬುದನ್ನು ತಿಳಿಸದು. ನವಜಾತ ಶಿಶುಗಳ ಹಾರ್ಟ್ ಬ್ಲಾಕಿಗೆ ತಾಯಿಯ ರಕ್ತದಿಂದ ಬಂದ ಕೆಲವು ಪ್ರತಿಕಾಯಗಳೇ ಇದಕ್ಕಿಂತ ಎಷ್ಟೋ ಸಾಮಾನ್ಯವಾದ ಕಾರಣ. ದೊಡ್ಡ ಗಡ್ಡೆಯನ್ನು ಎಕೋ ಅಥವಾ ಎಂ.ಆರ್.ಐ. ಚಿತ್ರಗಳಲ್ಲಿ ಕಾಣಬಹುದು, ಎರಡು ಮೂರು ಮಿಲಿಮೀಟರಿನದು ತಪ್ಪಿಸಿಕೊಳ್ಳುವುದು. ಇದರಿಂದ ಬಹುಪಾಲು ಗಡ್ಡೆಗಳು ಬೆಳಕಿಗೆ ಬಂದುದು ಮರಣಾನಂತರ.

ನಿಧಾನವಾದ ನಾಡಿಗೆ ಪೇಸ್‌ಮೇಕರ್ ಆಧಾರವಾಗುವುದು. ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರನ್ನು 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಶಸ್ತ್ರವೈದ್ಯ ಸೆನಿಂಗ್, ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ತಯಾರಿಸಿದ ಯಂತ್ರದಿಂದ, ಆರ್ನೆ ಲಾರ್ಸನ್ ಎಂಬ ರೋಗಿಗೆ ಅಳವಡಿಸಿದನು. ಲಾರ್ಸನನ ತಡೆಗೆ ಕಾರಣ ಈ ಗಡ್ಡೆಯಲ್ಲ. ಮೊದಲ ಯಂತ್ರ ಕೆಲವೇ ಗಂಟೆಗಳು ನಡೆಯಿತಾದರೂ, ಒಂದರ ಅನಂತರ ಒಂದರಂತೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳ ನೆರವಿನಿಂದ ಆತನು 2001ರವರೆಗೆ, 86 ವರ್ಷ ವಯಸ್ಸಿನವರೆಗೆ ಬಾಳಿದನು. ಆದರೆ ಚೀಲಗಡ್ಡೆ ಇರುವವರಲ್ಲಿ ಪೇಸ್‌ಮೇಕರ್ ಇದ್ದೂ ಹಠಾತ್ತಾಗಿ ಮೃತರಾದ ನಿದರ್ಶನಗಳಿವೆ. ಹೃದಯದ ಲಯವು ನಿಧಾನವಾಗುವುದಷ್ಟೇ ಅಲ್ಲದೆ ಅಸ್ತವ್ಯಸ್ತವಾಗುವುದೂ ಉಂಟು. ಈಚಿನ ದಶಕಗಳಲ್ಲಿ ಕೆಲವು ರೋಗಿಗಳ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಿರುವರು. ಗಡ್ಡೆಯೊಡನೆ ಗಂಟೂ ಹೋಗುವುದರಿಂದ ಆಮೇಲೆ ಪೇಸ್‌ಮೇಕರ್ ಬೇಕೇ ಬೇಕು.

ಹರೆಯದ ಒಬ್ಬ ಹುಡುಗಿ ಯಾವ ಕಾಯಿಲೆಯೂ ಇಲ್ಲದೆ ಸತ್ತಳೆಂದಾಗ ಮನೆಯವರನ್ನು ಕಾಡುವುದು 'ಏಕೆ' ಎಂಬ ಪ್ರಶ್ನೆ. ಶವಪರೀಕ್ಷೆಯಲ್ಲಿ ಹೃದಯದ ಕೋಣೆ, ಕವಾಟ, ರಕ್ತನಾಳಗಳನ್ನು ನೋಡಿ, ಎಲ್ಲವೂ ಸರಿಯಾಗಿವೆಯೆಂದು ನಿಲ್ಲಿಸಿದರೆ ಉತ್ತರ ಸಿಗದೆ ಹೋಗಬಹುದು. ತವಾರಾ ಮಾಡಿದಂತೆ ಗಂಟಿನ ಭಾಗವನ್ನು ಪದರಪದರವಾಗಿ ಸೀಳಿ ನೋಡಿದರೆ ಮಾತ್ರ ಚೀಲಗಡ್ಡೆ ಕಾಣುವುದು. ಬದುಕಿರುವವರ ವಿಷಯದಲ್ಲಿಯೂ ನಾವು ಕಲಿಯಬೇಕಾದ ಪಾಠವೊಂದಿದೆ. ಎಳೆಯರಲ್ಲಿ ಮೂರ್ಛೆ ಮರುಕಳಿಸಿದರೆ, ನಾಡಿ ಕಾರಣವಿಲ್ಲದೆ 40ಕ್ಕಿಂತ ಕೆಳಗಿದ್ದರೆ, ನಿಶ್ಶಕ್ತಿಯೆಂದು ಕಡೆಗಣಿಸದೆ ಇ.ಸಿ.ಜಿ. ಮಾಡಿಸಬೇಕು. ಬಹುಮಂದಿಯಲ್ಲಿ ಕಾರಣ ಬೇರೆಯೇ ಇರುವುದು. ಎಷ್ಟೋ ವೇಳೆ ಅದಕ್ಕೆ ಪರಿಹಾರವೂ ಇರುವುದು. ಆದರೆ ತೂಬನ್ನು ಪರೀಕ್ಷಿಸದೆ, ಕೆರೆಯಲ್ಲಿ ನೀರಿದೆಯೆಂಬ ಒಂದೇ ಕಾರಣದಿಂದ ಗದ್ದೆಗೆ ಭಯವಿಲ್ಲವೆಂದು ಯಾರೂ ಹೇಳಲಾರರು.