ಹಣೆಬರಹ ಅನ್ನುವ ಮೊದಲು

ಮಕ್ಕಳೇ, ಹಣೆಬರಹ ಇದೆಯೋ ಇಲ್ಲವೋ ಎಂದು ನೀವು ನನ್ನನ್ನು ಕೇಳುತ್ತೀರಿ. ರಜೆಗೆ ಊರಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡಿ ಮುಗಿಸಿ, ಜಗಲಿಯಲ್ಲಿ ಕೂತು ಅದೇ ಚರ್ಚೆ. ಎಲ್ಲ ಮೊದಲೇ ಬರೆದದ್ದಾದರೆ ನಾವು ಒದ್ದಾಡುವುದು ಯಾಕೆ, ಬರೆದದ್ದಲ್ಲವಾದರೆ ಇಷ್ಟು ಜನರ ನಡುವೆ ಅವಳೇ ಯಾಕೆ ಸಿಕ್ಕಳು ಎಂದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಹೊನ್ನಾವರದಲ್ಲಿ ಬಹಳ ವರ್ಷ ಪಾಠ ಹೇಳಿದವಳು ನಾನು. ನಮ್ಮ ಕಡೆ ಪ್ರೀತಿಯ ವಿಷಯದಲ್ಲಿ ಹಣೆಬರಹದ ಹೆಸರು ಹೇಳಿ ಏನೇನು ನಡೆಯುತ್ತದೆ ಎನ್ನುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅದರ ಬಗ್ಗೆ ಹೇಳುವುದಿದೆ.

ನೀವು ನೋಡಿದ ಸಿನಿಮಾದಿಂದಲೇ ಶುರು ಮಾಡೋಣ. 2011ರಲ್ಲಿ ಬಂದ ‘ದಿ ಅಡ್ಜಸ್ಟ್‌ಮೆಂಟ್ ಬ್ಯೂರೋ’. ಫಿಲಿಪ್ ಕೆ. ಡಿಕ್ 1954ರಲ್ಲಿ ಪ್ರಕಟಿಸಿದ ಒಂದು ಸಣ್ಣಕಥೆಯ ಎಳೆ ಹಿಡಿದು ಜಾರ್ಜ್ ನೋಲ್ಫಿ ಮಾಡಿದ ಚಿತ್ರ. ಮ್ಯಾಟ್ ಡೇಮನ್ ಮಾಡಿದ ಡೇವಿಡ್ ನ್ಯೂಯಾರ್ಕಿನ ರಾಜಕಾರಣಿ. ಎಮಿಲಿ ಬ್ಲಂಟ್ ಮಾಡಿದ ಎಲೀಸ್ ನೃತ್ಯಗಾತಿ. ಇಬ್ಬರೂ ಒಂದು ಸಲ ಭೇಟಿಯಾಗಿ ಅಷ್ಟಕ್ಕೇ ಮುಗಿಯಬೇಕು ಎಂದು ಮೇಲಿನವರ ಪುಸ್ತಕದಲ್ಲಿ ಬರೆದಿದೆ. ಆ ಬರಹವನ್ನು ಕಾಯುವವರು ಟೋಪಿ ತೊಟ್ಟ, ಸೂಟು ಹಾಕಿದ ಗುಮಾಸ್ತರಂಥ ಜನ. ಒಂದು ಬೆಳಗ್ಗೆ ಡೇವಿಡನ ಅಂಗಿಯ ಮೇಲೆ ಕಾಫಿ ಚೆಲ್ಲಿ ಅವನಿಗೆ ಬಸ್ಸು ತಪ್ಪಿಸಬೇಕಾಗಿದ್ದವನು ಬೆಂಚಿನ ಮೇಲೆ ತೂಕಡಿಸುತ್ತಾನೆ. ಬಸ್ಸು ಸಿಗುತ್ತದೆ, ಬಸ್ಸಿನಲ್ಲಿ ಎಲೀಸ್ ಇರುತ್ತಾಳೆ, ಮುಂದಿನ ಕಥೆ ನಿಮಗೆ ಗೊತ್ತು.

ನೀವೆಲ್ಲ ಮಾತಾಡಿದ್ದು ಆ ಪುಸ್ತಕದ ಬಗ್ಗೆ, ಒಂದು ಬಾಗಿಲು ತೆರೆದರೆ ಊರಿನ ಇನ್ನೊಂದು ಮೂಲೆಗೆ ಹೋಗುವ ವಿಚಿತ್ರದ ಬಗ್ಗೆ. ನನ್ನ ಮನಸ್ಸು ನಿಂತದ್ದು ಆಸ್ಪತ್ರೆಯ ದೃಶ್ಯದಲ್ಲಿ. ಎಲೀಸಳ ಕಾಲು ಉಳುಕಿದೆ. ಆ ಗುಮಾಸ್ತರ ಮೇಲಧಿಕಾರಿ ಡೇವಿಡನಿಗೆ ಹೇಳುತ್ತಾನೆ: ನೀನು ಜೊತೆಗಿದ್ದರೆ ಇವಳು ದೊಡ್ಡ ಕಲಾವಿದೆ ಆಗುವುದಿಲ್ಲ, ಸಣ್ಣ ಮಕ್ಕಳಿಗೆ ನೃತ್ಯ ಹೇಳಿಕೊಡುತ್ತಾ ಉಳಿದುಬಿಡುತ್ತಾಳೆ. ಡೇವಿಡ್ ಅವಳಿಗೆ ಒಂದು ಮಾತೂ ಹೇಳದೆ ಎದ್ದು ಹೋಗುತ್ತಾನೆ. ಹನ್ನೊಂದು ತಿಂಗಳು ಅವಳಿಗೆ ಕಾರಣವೇ ಗೊತ್ತಿಲ್ಲ. ಅವಳು ಮಕ್ಕಳಿಗೆ ಹೇಳಿಕೊಡುವುದನ್ನೇ ಇಷ್ಟಪಡುತ್ತಿದ್ದಳೋ ಏನೋ! ಕೇಳಿದವರು ಯಾರು? ಆ ಹೊತ್ತಿನಲ್ಲಿ ಅವಳ ಬದುಕನ್ನು ತಿರುಗಿಸಿದ್ದು ಟೋಪಿಯವರ ಪುಸ್ತಕ ಅಲ್ಲ, ಪ್ರೀತಿಸಿದವನ ಮೌನ. ಕೊನೆಯಲ್ಲಿ ಪುಸ್ತಕದ ಬರಹ ಬದಲಾಗುತ್ತದಲ್ಲ, ಅದು ಬದಲಾಗುವುದೂ ಡೇವಿಡ್ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವಳು ತಾನಾಗಿ ಅವನ ಜೊತೆ ಹೊರಟ ಮೇಲೆಯೇ. ಆ ದೃಶ್ಯ ಬಂದಾಗ ನಿಮ್ಮಲ್ಲೊಬ್ಬ ಫೋನು ನೋಡುತ್ತಿದ್ದ. ಇನ್ನೊಮ್ಮೆ ನೋಡಿ.

ನಮ್ಮ ಕನ್ನಡದಲ್ಲಿ ಇದೇ ನಡೆದದ್ದು ನಿಮ್ಮ ಅಪ್ಪ ಅಮ್ಮಂದಿರು ಕಣ್ಣೀರು ಹಾಕಿ ನೋಡಿದ ‘ಮುಂಗಾರು ಮಳೆ’ಯಲ್ಲಿ. 2006ರ ಡಿಸೆಂಬರ್‌ನಲ್ಲಿ ಬಂದ ಯೋಗರಾಜ ಭಟ್ಟರ ಚಿತ್ರ. ಅದರ ಹಾಡುಗಳಿಂದ ಮನೆಮಾತಾದ ಜಯಂತ ಕಾಯ್ಕಿಣಿ ಕುಮಟಾ ತಾಲ್ಲೂಕಿನ ಗೋಕರ್ಣದವರು. ಚಿತ್ರದಲ್ಲಿ ಜೋಗದ ನೆತ್ತಿಯ ಮೇಲೆ ಕುಣಿದ ಆ ಶರಾವತಿಯೇ ಇಳಿದು ಬಂದು ನಮ್ಮ ಹೊನ್ನಾವರದಲ್ಲಿ ಸಮುದ್ರ ಸೇರುವುದು. ಹಾಗಾಗಿ ಆ ಚಿತ್ರ ನಮ್ಮದೇ ಎಂಬ ಅಭಿಮಾನ ನನಗೂ ಇದೆ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ. ನಂದಿನಿಗೆ ಪ್ರೀತಮ್ ಬೇಕು. ಅವಳ ತಂದೆಯ ಹೃದಯದ ಕಾಯಿಲೆ ನೋಡಿ, ಮದುವೆಯಾಗಬೇಕಾದ ಗೌತಮನ ಒಳ್ಳೆಯತನ ನೋಡಿ ಪ್ರೀತಮ್ ಹಿಂದೆ ಸರಿಯುತ್ತಾನೆ. ನಾವು ಅದನ್ನು ತ್ಯಾಗ ಅಂದೆವು, ಎಷ್ಟೋ ತಿಂಗಳು ಟಾಕೀಸುಗಳಲ್ಲಿ ಅತ್ತೆವು. ಬದುಕು ಯಾರದ್ದೋ, ಆ ಹುಡುಗಿಯನ್ನು ಕೂರಿಸಿಕೊಂಡು ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು? ತನ್ನದನ್ನು ಬಿಟ್ಟುಕೊಟ್ಟರೆ ತ್ಯಾಗ. ಅವಳ ಪಾಲಿನದನ್ನೂ ಸೇರಿಸಿ ಬಿಟ್ಟುಕೊಡುವ ಹಕ್ಕು ಅವನಿಗೆ ಯಾರು ಕೊಟ್ಟರು?

ಈಗ ನಮ್ಮ ಆಟಕ್ಕೆ ಬನ್ನಿ. ನೀವು ಯಕ್ಷಗಾನವನ್ನು ಅಜ್ಜಂದಿರ ಹವ್ಯಾಸ ಅಂದುಕೊಂಡಿದ್ದೀರಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ತಾಲ್ಲೂಕು ಇದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ ತಾಲ್ಲೂಕು ಇದು. 2012ರಲ್ಲಿ ಪದ್ಮಶ್ರೀ ಬರುವುದಕ್ಕೆ ಎಷ್ಟೋ ಮೊದಲೇ ಈ ಕರಾವಳಿ ಅವರನ್ನು ತಲೆಯ ಮೇಲೆ ಹೊತ್ತಿತ್ತು. ಅವರ ದುಷ್ಟಬುದ್ಧಿಯ ವೇಷ ನೋಡಿದವರು ಈಗಲೂ ಅದರ ಮಾತಾಡುತ್ತಾರೆ. ಆ ದುಷ್ಟಬುದ್ಧಿ ಬರುವ ಪ್ರಸಂಗ ‘ಚಂದ್ರಹಾಸ ಚರಿತ್ರೆ’. ವಿಧಿ ಮತ್ತು ಪ್ರೀತಿಯ ವಿಚಾರದಲ್ಲಿ ಹಾಲಿವುಡ್ಡಿನವರು ನಮಗೆ ಹೊಸದಾಗಿ ಹೇಳಿಕೊಡಬೇಕಾದದ್ದು ಏನೂ ಇಲ್ಲ ಎಂದು ನನಗೆ ಅನ್ನಿಸುವುದು ಈ ಕಥೆಯಿಂದ. ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಇದನ್ನು ಕನ್ನಡಕ್ಕೆ ತಂದ. ಮೇಳಗಳು ಅದನ್ನು ನಮ್ಮ ಬಯಲಿಗೆ ತಂದವು.

ಕುಂತಳದ ಮಂತ್ರಿ ದುಷ್ಟಬುದ್ಧಿ. ಬೀದಿಯಲ್ಲಿ ಬೆಳೆಯುತ್ತಿರುವ ಅನಾಥ ಹುಡುಗನೊಬ್ಬ ಮುಂದೆ ಈ ರಾಜ್ಯ ಆಳುತ್ತಾನೆ ಎಂದು ಬಲ್ಲವರು ಮಂತ್ರಿಯ ಎದುರೇ ಹೇಳುತ್ತಾರೆ. ಮಂತ್ರಿ ಕಟುಕರನ್ನು ಕಳಿಸುತ್ತಾನೆ. ಅವರು ಮರುಗಿ, ಹುಡುಗನ ಕಾಲಿನ ಆರನೆಯ ಬೆರಳನ್ನಷ್ಟೇ ಕತ್ತರಿಸಿ ತಂದು ತೋರಿಸುತ್ತಾರೆ. ಕುಳಿಂದನ ಮನೆಯಲ್ಲಿ ಬೆಳೆದು ದೊಡ್ಡವನಾದ ಚಂದ್ರಹಾಸ ಮತ್ತೆ ಮಂತ್ರಿಯ ಕಣ್ಣಿಗೆ ಬೀಳುತ್ತಾನೆ. ಈ ಸಲ ಮಂತ್ರಿ ಅವನ ಕೈಯಲ್ಲೇ ತನ್ನ ಮಗ ಮದನನಿಗೆ ಓಲೆ ಕೊಟ್ಟು ಕಳಿಸುತ್ತಾನೆ: ಇದನ್ನು ತಂದವನಿಗೆ ವಿಷ ಕೊಡು. ದಾರಿಯಲ್ಲಿ ದಣಿದ ಚಂದ್ರಹಾಸ ಉದ್ಯಾನದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಅಲ್ಲಿಗೆ ಬಂದವಳು ಮಂತ್ರಿಯ ಮಗಳು ವಿಷಯೆ. ಮಲಗಿದವನನ್ನು ನೋಡುತ್ತಾಳೆ, ಓಲೆ ಬಿಚ್ಚಿ ಓದುತ್ತಾಳೆ. ಕಣ್ಣ ಕಾಡಿಗೆ ತೆಗೆದು ಅಕ್ಷರ ತಿದ್ದುತ್ತಾಳೆ. ವಿಷ ಕೊಡು ಎಂದಿದ್ದದ್ದು ವಿಷಯೆಯನ್ನು ಕೊಡು ಎಂದಾಗುತ್ತದೆ. ಮದನ ಅಪ್ಪನ ಅಪ್ಪಣೆ ಎಂದು ತಂಗಿಯ ಮದುವೆ ಮಾಡಿಸಿಬಿಡುತ್ತಾನೆ.

ರಾತ್ರಿಯ ಆಟದಲ್ಲಿ ಈ ಭಾಗ ಬಂದಾಗ ನಿದ್ದೆಗಣ್ಣಿನ ಹೆಂಗಸರೆಲ್ಲ ಎದ್ದು ಕೂರುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ವಿಧಿಯ ಓಲೆ, ಅಪ್ಪನ ಓಲೆ, ಎರಡನ್ನೂ ಒಂದೇ ಸಲ ಕೈಗೆ ತೆಗೆದುಕೊಂಡವಳು ಆ ಹುಡುಗಿ. ಅವಳು ‘ನನ್ನ ಹಣೆಯಲ್ಲಿ ಬರೆದಿಲ್ಲ’ ಎಂದು ಮನೆಗೆ ಹೋಗಲಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಈ ಭಾಗವನ್ನು ನಿಮ್ಮ ಅಪ್ಪ ಅಮ್ಮಂದಿರಿಗೆ ಓದಿ ಹೇಳಿ. ಅಳಿಯನಾದ ಮೇಲೂ ದುಷ್ಟಬುದ್ಧಿ ಬಿಡುವುದಿಲ್ಲ. ಚಂಡಿಕೆಯ ಗುಡಿಯಲ್ಲಿ ಕಟುಕರನ್ನು ನಿಲ್ಲಿಸಿ ಚಂದ್ರಹಾಸನನ್ನು ಅಲ್ಲಿಗೆ ಕಳಿಸುತ್ತಾನೆ. ಅವನ ಬದಲಿಗೆ ಹೋದ ಮದನ ಸಾಯುತ್ತಾನೆ. ಮಗಳ ಮದುವೆಯನ್ನು ಮುರಿಯಲು ಹೊರಟ ಅಪ್ಪ ಕೊಂದದ್ದು ಸ್ವಂತ ಮಗನನ್ನು. ದೇವಿಯ ಕೃಪೆಯಿಂದ ಸತ್ತವರು ಎದ್ದರು ಎಂದು ಪ್ರಸಂಗ ಮುಗಿಯುತ್ತದೆ. ಮರ್ಯಾದೆಯ ಹೆಸರಿನಲ್ಲಿ ಕೊಲೆಯಾಗಿ ಪತ್ರಿಕೆಯಲ್ಲಿ ಸುದ್ದಿಯಾಗುವ ಮಕ್ಕಳು ಏಳುವುದಿಲ್ಲ.

ಆಟದಲ್ಲಿ ಇನ್ನೊಂದು ವಿಷಯ ಗಮನಿಸಿ. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ವೇಷಧಾರಿ ಅದನ್ನು ಬದಲಿಸುವ ಹಾಗಿಲ್ಲ. ಆದರೆ ಪದ್ಯ ನಿಂತ ಮೇಲೆ ಹೇಳುವ ಅರ್ಥ ಅವನದ್ದು, ಆ ರಾತ್ರಿ, ಆ ರಂಗದಲ್ಲೇ ಹುಟ್ಟುವಂಥದ್ದು. ಎದುರಿನ ವೇಷ ಏನು ಕೇಳಿತು ಎನ್ನುವುದರ ಮೇಲೆ ಇವನ ಮಾತು ನಿಲ್ಲುತ್ತದೆ. ಹುಟ್ಟಿದ ಮನೆ, ಜಾತಿ, ಬಡತನ, ಅಪ್ಪನ ಕಾಯಿಲೆ ಇವೆಲ್ಲ ನಮಗೆ ಸಿಕ್ಕ ಪದ್ಯ ಅಂದುಕೊಳ್ಳಿ. ಅರ್ಥ ಹೇಳುವ ಸರದಿ ಬಂದಾಗ ಸುಮ್ಮನೆ ನಿಂತರೆ ಪ್ರಸಂಗ ಕೆಡುತ್ತದೆ. ಎದುರಿನವರ ಮಾತನ್ನೂ ತಾನೇ ಆಡಿದರೂ ಕೆಡುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಾತು ಹೇಳುತ್ತೇನೆ. ಕಾಲೇಜಿನಲ್ಲಿ ಜೊತೆಗಿದ್ದ ಹುಡುಗ ಕೊಲ್ಲಿಗೆ ಕೆಲಸಕ್ಕೆ ಹೋದ. ಮನೆಯಲ್ಲಿ ಸಾಲ, ಇಬ್ಬರು ತಂಗಿಯರು. ಇವಳಿಗೆ ತನಗಿಂತ ಒಳ್ಳೆಯ ಸಂಬಂಧ ಸಿಗಲಿ ಎಂದು ಅವನೇ ತೀರ್ಮಾನಿಸಿ ಫೋನು ಮಾಡುವುದನ್ನು ನಿಲ್ಲಿಸಿದ. ‘ನಮ್ಮಿಬ್ಬರ ಋಣ ಅಷ್ಟೇ’ ಎಂದು ಗೆಳೆಯರ ಹತ್ತಿರ ಹೇಳಿದನಂತೆ. ಅವಳಿಗೆ ಬೇರೆ ಮದುವೆಯಾಯಿತು, ಸುಖವಾಗಿಯೇ ಇದ್ದಾಳೆ. ಎಷ್ಟೋ ವರ್ಷಗಳ ನಂತರ ಸಿಕ್ಕಾಗ ಅಂದಳು: ಟೀಚರ್, ಅವನು ಬಿಟ್ಟದ್ದಕ್ಕೆ ನಾನು ಅಳಲಿಲ್ಲ. ಸಾಲ ಎಷ್ಟು, ಎಷ್ಟು ವರ್ಷ ಕಾಯಬೇಕು ಎಂದು ನನಗೆ ಹೇಳಿದ್ದರೆ ಕಾಯುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತಿದ್ದೆ. ನನ್ನನ್ನು ಒಂದು ಮಾತು ಕೇಳುವುದಕ್ಕೂ ಅವನಿಗೆ ಮನಸ್ಸಾಗಲಿಲ್ಲವಲ್ಲ.

ಭಟ್ಕಳ, ಹೊನ್ನಾವರ, ಕುಮಟಾ, ನಮ್ಮ ಈ ಮೂರೂ ತಾಲ್ಲೂಕಿನಲ್ಲಿ ಇಂಥದ್ದಕ್ಕೆ ಅವಕಾಶ ಜಾಸ್ತಿ. ಭಟ್ಕಳದ ಎಷ್ಟೋ ಮನೆಗಳ ದುಡಿಮೆ ದುಬೈಯಲ್ಲಿ, ಸೌದಿಯಲ್ಲಿ. ಹೊನ್ನಾವರ ಕುಮಟಾದ ಮಾಣಿಗಳು, ಕೂಸುಗಳು ಬೆಂಗಳೂರಿನಲ್ಲಿ, ಮುಂಬೈಯಲ್ಲಿ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದ ಮೇಲಂತೂ ಹೊರಟು ಹೋಗುವುದು ಬಹಳ ಸುಲಭ. ದೂರ ಇರುವವರಿಗೆ ಮೌನ ಸುಲಭವಾಗಿ ಸಿಗುತ್ತದೆ. ನಂಬರ್ ಬ್ಲಾಕ್ ಮಾಡಿದರೆ ಮುಗಿಯಿತು. ಅದಕ್ಕೆ ಋಣ ಎಂದೋ ಹಣೆಬರಹ ಎಂದೋ ಹೆಸರಿಡಬೇಡಿ. ಅದು ನೀವು ಮಾಡಿದ ಕೆಲಸ.

ಹುಡುಗರಿಗೆ ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಡೇವಿಡ್ ಅವಳು ಮತ್ತೆ ಸಿಕ್ಕಾಳೆಂದು ಮೂರು ವರ್ಷ ಅದೇ ಬಸ್ಸು ಹತ್ತುತ್ತಾನೆ. ಪರದೆಯ ಮೇಲೆ ಅದು ಚೆಂದ, ಯಾಕೆಂದರೆ ಅವಳಿಗೂ ಅವನು ಬೇಕೆಂದು ನಮಗೆ ಗೊತ್ತಿದೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಬೇಡ ಎಂದ ಹುಡುಗಿಯ ಹಿಂದೆ ದಿನಾ ಒಬ್ಬ ನಿಂತರೆ ಅವಳು ಓದು ಬಿಡುತ್ತಾಳೆ. ‘ಅವಳು ನನಗೇ ಬರೆದವಳು’ ಎಂದು ಹೇಳಿಕೊಂಡು ತಿರುಗುವವನು ಅವಳನ್ನು ಕೇಳಿಲ್ಲ, ಅಥವಾ ಕೇಳಿ ಉತ್ತರ ಒಪ್ಪಿಕೊಂಡಿಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹಾಗೆ ಹಿಂಬಾಲಿಸುವುದನ್ನು ಅಪರಾಧ ಎನ್ನುತ್ತದೆ. ಪವನ್ ಕುಮಾರ್ ಅವರು ಜನರಿಂದಲೇ ದುಡ್ಡು ಸೇರಿಸಿ 2013ರಲ್ಲಿ ಮಾಡಿದ ‘ಲೂಸಿಯಾ’ ನೋಡಿ. ಮಾತ್ರೆ ನುಂಗಿ ಬೇಕಾದ ಬದುಕನ್ನು ಕನಸಿನಲ್ಲಿ ಕಾಣುವವನ ಕಥೆ. ಕನಸಿನ ಹುಡುಗಿ ನಾವು ಬರೆದ ಮಾತನ್ನೇ ಆಡುತ್ತಾಳೆ. ಎಚ್ಚರದ ಹುಡುಗಿಗೆ ಅವಳದೇ ಮಾತಿದೆ, ಅದರಲ್ಲಿ ‘ಬೇಡ’ವೂ ಒಂದು. ಅದನ್ನು ಕೇಳಿ ತಲೆ ತಗ್ಗಿಸಿ ಹಿಂದೆ ಬರುವವನನ್ನು ನಾನು ಗಂಡಸು ಎನ್ನುತ್ತೇನೆ.

ಇಬ್ಬರೂ ಹೌದು ಎಂದರೆ? ಜಾತಿ ಬೇರೆ, ಧರ್ಮ ಬೇರೆ, ಜಾತಕ ಕೂಡಲಿಲ್ಲ ಎಂದರೆ? ಫಿಲಿಪ್ ಡಿಕ್ ಆ ಕಥೆ ಪ್ರಕಟಿಸಿದ 1954ರಲ್ಲೇ ನಮ್ಮ ಸಂಸತ್ತು ವಿಶೇಷ ವಿವಾಹ ಕಾಯ್ದೆ ಮಾಡಿತು. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ಯಾರೂ ಧರ್ಮ ಬದಲಿಸಬೇಕಿಲ್ಲ. ವಯಸ್ಸಿಗೆ ಬಂದವರು ತಮಗೆ ಬೇಕಾದವರನ್ನು ಮದುವೆಯಾಗಬಹುದು, ಮನೆಯವರಾಗಲಿ ಊರವರಾಗಲಿ ತಡೆಯುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು, 2018ರಲ್ಲಿ ಮತ್ತೆ ಹೇಳಿತು. ಇದನ್ನೆಲ್ಲ ಓಡಿಹೋಗಿ ಎಂದು ಹೇಳುತ್ತಿಲ್ಲ. ಮೊದಲು ಮನೆಯಲ್ಲಿ ಕೂತು ಹೇಳಿ, ಒಂದು ಸಲ ಅಲ್ಲ, ಹಲವು ಸಲ ಹೇಳಿ. ಅಪ್ಪ ಸಿಟ್ಟಾಗುತ್ತಾರೆ, ಅಮ್ಮ ಊಟ ಬಿಡುತ್ತಾಳೆ, ಅದನ್ನೆಲ್ಲ ತಾಳಿಕೊಳ್ಳಿ. ಹೆತ್ತವರಿಗೂ ಹೊತ್ತು ಬೇಕು. ಆದರೆ ಅವರು ಒಪ್ಪಲೇ ಇಲ್ಲ ಎಂದಾದಾಗ ದಾರಿಯೇ ಇರಲಿಲ್ಲ ಎಂದು ಹೇಳಬೇಡಿ. ಈ ದೇಶ ನಿಮಗಾಗಿ ಆ ದಾರಿ ಮಾಡಿಟ್ಟಿದೆ. ನಡೆಯುವುದು, ಬಿಡುವುದು ನಿಮ್ಮಿಬ್ಬರದು. ನಡೆಯಲಾಗದೆ ಹೋದರೆ ಆಗಲಿಲ್ಲ ಎಂದೇ ಪರಸ್ಪರ ಹೇಳಿಕೊಳ್ಳಿ. ಅದರಲ್ಲಿ ಅವಮಾನವಿಲ್ಲ.

ರಜೆ ಮುಗಿಯುತ್ತಾ ಬಂತು, ನೀವೆಲ್ಲ ಹೊರಡುತ್ತೀರಿ. ನಿಮ್ಮಲ್ಲಿ ಯಾರಾದರೂ ಯಾರಿಗಾದರೂ ಉತ್ತರ ಕೊಡದೆ ಕಾಯಿಸುತ್ತಿದ್ದರೆ, ಅವರ ಒಳ್ಳೆಯದಕ್ಕೇ ಎಂದುಕೊಂಡು ದೂರವಾಗುತ್ತಿದ್ದರೆ, ರೈಲು ಹತ್ತುವ ಮೊದಲು ಹೋಗಿ ಭೇಟಿಯಾಗಿ. ಇರುವ ಕಷ್ಟ ಪೂರ್ತಿ ಹೇಳಿ, ಅವರ ಅಭಿಪ್ರಾಯ ಕೇಳಿ, ಅವರು ಹೇಳಿ ಮುಗಿಸುವವರೆಗೆ ಎದ್ದು ಬರಬೇಡಿ.